ಬಾಗಿಲ ಸಂದಿಯ ಬಲಗೈ

“ಇನ್ನೊಂದು ಕೈ ತೋರಿಸ್ರಿ,” ಅಂದಳು ಡಾಕ್ಟರ್ ಸಾವಿತ್ರವ್ವ.

ಹೊರಸಿನ ಮೇಲೆ ಕುಳಿತಿದ್ದವನು ಎತ್ತಿದ ತೋಳನ್ನು ಇಳಿಸುವುದು ಮರೆತು ಅವಳ ಮುಖ ನೋಡಿದ. ಬಲಗೈ ಅಂಗಿಯ ತೋಳು ಭುಜದತನಕ ಮಡಚಿತ್ತು. ಫೌಜದಾರರು ನೋಡಿದ್ದು ಬಲಗೈ, ಪಂಚರು ನೋಡಿದ್ದು ಬಲಗೈ, ಅಗರಖೇಡಕ್ಕೆ ಅಗರಖೇಡವೇ ಮುಗಿಬಿದ್ದು ನೋಡಿ ಹೋದದ್ದೂ ಅದೇ ಬಲಗೈ. ಎಡಗೈಯ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ.

“ಎಡಗೈಯಾಗ ಏನೈತ್ರಿ ಬಾಯಾರ? ಎಲ್ಲಾರಿಗೂ ಇರೂದ ಐತಿ.”

“ಎಲ್ಲಾರಿಗೂ ಇರೂದನ್ನ ನೋಡಾಕ ಬಂದಾಕಿ ನಾ. ತೋರಿಸ್ರಿ.”

ಒಲ್ಲದ ಮನಸ್ಸಿನಿಂದ ಅವನು ಎಡತೋಳನ್ನೂ ಮಡಚಿದ. ಬೆಳಕಿಂಡಿಯಿಂದ ಇಳಿದ ಬಿಸಿಲು ಎರಡೂ ರಟ್ಟೆಗಳ ಮೇಲೆ ಬಿತ್ತು. ಬಲಗಡೆ ಒಂದರ ಕೆಳಗೊಂದು ಎರಡು ದುಂಡನೆಯ ಕುಳಿ. ಎಡಗಡೆಯೂ ಒಂದರ ಕೆಳಗೊಂದು ಎರಡು. ಅಷ್ಟೇ ದೊಡ್ಡವು, ಅಷ್ಟೇ ಆಳದವು.

ಸಾವಿತ್ರವ್ವ ಎರಡೂ ಕಡೆಯ ಕುಳಿಗಳನ್ನು ಬೆರಳಿಟ್ಟು ಅಳೆದಳು. ಹೊಳೆದದ್ದನ್ನು ಮುಖದಲ್ಲಿ ತೋರಗೊಡಲಿಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ಮನೆ ಬಿಟ್ಟುಹೋದ ಗೌಡರ ಮಗ ಶಂಕರೆಪ್ಪ ನಾನೇ ಎಂದು ಈ ಮನುಷ್ಯ ಯುಗಾದಿಯ ಹೊತ್ತಿಗೆ ಬಂದಿಳಿದಿದ್ದ. ಸತ್ತ ಗೌಡರ ತಮ್ಮ ಗುರುಲಿಂಗಪ್ಪ ‘ಇಂವ ಖೊಟ್ಟಿ, ಶಂಕರೆಪ್ಪ ಅಲ್ಲ’ ಎಂದು ಇಂಡಿ ಠಾಣೆಗೆ ಅರ್ಜಿ ಒಗೆದಿದ್ದ. ಇಷ್ಟು ನೆನಪಿದ್ದರೆ ಸಾಕು, ಉಳಿದದ್ದನ್ನು ಈ ನಾಲ್ಕು ಕುಳಿಗಳೇ ಹೇಳುತ್ತವೆ.

ಈ ಸೀಮೆಯಲ್ಲಿ ಸಿಡುಬಿಗೂ ದೇವಿ ಅಂತಲೇ ಹೆಸರು, ಸಿಡುಬು ಬಾರದಿರಲೆಂದು ರಟ್ಟೆ ಗೀರಿ ಹಾಕುವ ಮದ್ದಿಗೂ ದೇವಿ ಅಂತಲೇ ಹೆಸರು. ಊರೂರು ತಿರುಗಿ ದೇವಿ ಹಾಕಿದ ಮಶಾಕಸಾಬ ಈಗ ಹಣ್ಣಾದ ಮುದುಕ. ಅವನದೊಂದು ಕಟ್ಟುನಿಟ್ಟು ಇತ್ತು. ಎಡಗೈಗೇ ಹಾಕಬೇಕು, ಎರಡೇ ಗೀರು ಗೀರಬೇಕು. ಬಲಗೈ ಉಣ್ಣುವ ಕೈ, ಅದಕ್ಕೆ ಬಾವು ಬರಿಸಿದರೆ ತಾಯಂದಿರು ಸುಮ್ಮನೆ ಬಿಡುತ್ತಾರೆಯೇ? ಇಡೀ ಜನ್ಮದಲ್ಲಿ ಒಂದೇ ಸಲ ಆ ಕಟ್ಟು ಮುರಿದಿದ್ದನಂತೆ, ಅದೂ ಈ ಮನೆಯಲ್ಲಿ. “ಗೌಡರ ಕೂಸಿಗೆ ನೆದರಾಗೇತಿ, ಕೆಟ್ಟ ದೃಷ್ಟಿ ತಾಗೇತಿ, ಹೊರಗ ತರೂದಿಲ್ಲ ಅಂದ್ರು. ಬಾಗಲಾ ಸಂದ್ಯಾಗಿಂದ ಬಲಗೈ ಬಂತು. ಬಂದ ಕೈಗೆ ಹಾಕಿ ಹೊಂಟೆ,” ಎಂದು ಪಂಚರ ಮುಂದೆ ಹೇಳಿದ್ದ.

ಮುಗಿಯಿತಲ್ಲ! ಬಲಗೈಯಲ್ಲಿ ದೇವಿ ಕಲೆ ಇರುವವನೇ ಗೌಡರ ಮಗ. ಗುರುಲಿಂಗಪ್ಪನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಫೌಜದಾರರು ಮೀಸೆ ತಿರುವಿದರು. ಈ ಕಲೆ ಬಾಲ್ಯದ್ದೇ ಎಂದು ಡಾಕ್ಟರೊಬ್ಬರ ಸಹಿ ಬೇಕಿತ್ತು, ಅಷ್ಟೇ. ಸಿಡುಬಿನ ಸಂಶೋಧನೆಗೆಂದು ರಕ್ತ ಸಂಗ್ರಹಿಸುತ್ತ ಇಂಡಿಗೆ ಬಂದಿದ್ದ ಸಾವಿತ್ರವ್ವನನ್ನು ಜೀಪಿನಲ್ಲಿ ಕೂಡ್ರಿಸಿಕೊಂಡು ಬಂದು ಇಳಿಸಿ, “ಹೊತ್ತು ಮುಳುಗೋದರಾಗ ಬರ್ತೇನಿ, ಸಹಿ ಮಾಡಿಟ್ಟಿರ್ರಿ,” ಎಂದು ಹೋಗಿಬಿಟ್ಟಿದ್ದರು. ಸಹಿ ಬಿದ್ದರೆ ಈ ಮನುಷ್ಯನಿಗೆ ಮನೆ, ನಿಂಬೆಯ ತೋಟ, ಗೌಡಕಿ. ಬೀಳದಿದ್ದರೆ ಕೈಗೆ ಬೇಡಿ.

ಎಲ್ಲರ ರಟ್ಟೆಯಲ್ಲೂ ಇರುವ ಎಡಗೈ ಕಲೆಯನ್ನು ಯಾರು ತಾನೇ ನೋಡುತ್ತಾರೆ, ನೀವೇ ಹೇಳಿ.

*

ಎಪ್ಪತ್ನಾಲ್ಕರ ಬೇಸಿಗೆಯ ನಡುಮಧ್ಯಾಹ್ನ. ಊರು ಉಂಡು ಅಡ್ಡಾಗಿತ್ತು. ತೋಟದ ಕಡೆಯಿಂದ ನಿಂಬೆ ಹೂವಿನ ವಾಸನೆ ಬಂದು ಪಡಸಾಲೆಯಲ್ಲಿ ಸುತ್ತಾಡಿ ಮತ್ತೆಲ್ಲೋ ಹೋಗುತ್ತಿತ್ತು. ಸಾವಿತ್ರವ್ವ ಕಂಬಕ್ಕೆ ಬೆನ್ನು ಕೊಟ್ಟು ಕುಳಿತಳು. ಪಕ್ಕದಲ್ಲಿ ಐಸು ತುಂಬಿದ ಅವಳ ಥರ್ಮಾಸು, ಅದರೊಳಗೆ ನಾಲ್ಕು ತಾಲೂಕಿನ ಜನರ ರಕ್ತದ ಸಣ್ಣ ಸಣ್ಣ ಶೀಶೆಗಳು.

ಅವಳು ಸಣ್ಣವಳಿದ್ದಾಗ ಸಿಂದಗಿಯ ಒಂದು ಓಣಿಯಲ್ಲಿ, ಒಂದೇ ಕೌದಿಯ ಕೆಳಗೆ, ಅಕ್ಕ ತಂಗಿಯರಿಬ್ಬರಿಗೂ ಒಂದೇ ದಿನ ದೇವಿ ಎದ್ದಿತ್ತು. ಸಾವಿತ್ರವ್ವನ ಹಣೆಯ ಮೇಲೆ ಮೂರು ಕುಳಿ ಉಳಿದವು. ತಂಗಿ ಶೆಟ್ಟೆವ್ವ ಉಳಿಯಲಿಲ್ಲ. ‘ನಾನ್ಯಾಕ ಉಳದೆ?’ ಎಂದು ಕೇಳಿದ ಮಗಳಿಗೆ ಮಾಸ್ತರಿಕೆ ಮಾಡುತ್ತಿದ್ದ ಅಪ್ಪ ಉತ್ತರ ಕೊಡಲಾರದೆ, ‘ಓದು, ನೀನ ಹುಡುಕು’ ಅಂದಿದ್ದ. ಇಂಥ ದೊಡ್ಡ ಮನೆಗಳ ಹೊಸ್ತಿಲಾಚೆಯೇ ನಿಂತು ಮಾತಾಡಿ ಬರುತ್ತಿದ್ದ ಬಡ ಮಾಸ್ತರ ಅವನು. ಆ ಒಂದು ಪ್ರಶ್ನೆ ಹೊತ್ತುಕೊಂಡು ಅವಳು ಪುಣೆಗೆ ಹೋದಳು, ವೈರಸ್ ವಿಜ್ಞಾನ ಓದಿದಳು, ಹದಿನೈದು ವರ್ಷ ಅದರಲ್ಲೇ ಮುಳುಗಿಬಿಟ್ಟಳು. ವೈರಸ್ ಮೈಯೊಳಗೆ ಕಾಲಿಟ್ಟಾಗ ಮೈ ಏನು ಮಾಡುತ್ತದೆ, ಅದರ ಗುರುತನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತದೆ, ಯಾರ ಮೈ ಮರೆಯುತ್ತದೆ, ಯಾರದು ಮರೆಯುವುದಿಲ್ಲ? ಮದುವೆ, ಮನೆ, ಹಬ್ಬ ಎಲ್ಲ ಅದರಾಚೆ ಉಳಿದವು. ಆಕೆಗೆ ಅದರ ಬೇಸರವೂ ಇರಲಿಲ್ಲವೆನ್ನಿ.

ದೇವಿ ಹಾಕಿಸಿಕೊಂಡವರ ರಕ್ತ ಒಂದು ಕಡೆ, ಹಾಕಿಸಿಕೊಳ್ಳದೆ ದೇವಿ ಬಂದೂ ಬದುಕಿದವರ ರಕ್ತ ಇನ್ನೊಂದು ಕಡೆ. ಎರಡನೆಯವರನ್ನು ಹುಡುಕುವುದೇ ಕಷ್ಟ. ಬಾಗೇವಾಡಿಯಲ್ಲಿ ಅಂಥವನೊಬ್ಬ ಸಿಕ್ಕಿದ್ದ. ಹಗ್ಗ ಹೊಸೆಯುವ ಪರಮಾನಂದ. ಮುಖದಲ್ಲಿ ಬೊಟ್ಟಿಡಲು ಜಾಗವಿಲ್ಲದಷ್ಟು ಕುಳಿ, ಎರಡೂ ಕಣ್ಣು ಹೋಗಿದ್ದವು. ಹೋದ ವರ್ಷ ಅವನ ರಕ್ತ ಪರೀಕ್ಷಿಸಿದಾಗ, ಆ ವೈರಸ್ಸಿನ ವಿರುದ್ಧದ ಪ್ರತಿಕಾಯಗಳು ಅವಳು ಎಲ್ಲೂ ಕಾಣದಷ್ಟು ಇದ್ದವು. ಈ ಸಲ ಮತ್ತೆ ಹೋಗಿ ಇನ್ನೊಂದು ಶೀಶೆ ತಂದಿದ್ದಳು.

“ಸಣ್ಣವರಿದ್ದಾಗ ದೇವಿ ಹಾಕಸಿದ್ರೇನು?” ಎಂದು ಕೇಳಿದಾಗ ಪರಮಾನಂದ ನಕ್ಕಿದ್ದ. “ಹಾಕಸೇತಿ ಅಂತ ಬರಕೊಳ್ರಿ. ದಫ್ತರದಾಗ ಹಂಗ ಐತಿ.”

ಅದೇನು ಮಾತೆಂದು ಅವಳಿಗೆ ತಿಳಿದಿರಲಿಲ್ಲ. ರಕ್ತ ತೆಗೆದಾದ ಮೇಲೆ ನೀರು ತಂದುಕೊಡುತ್ತೇನೆಂದು ಎದ್ದರೆ ಮತ್ತೆ ಅದೇ ನಗು. “ಬ್ಯಾಡ್ರಿ. ನೀರು ತರಾಕ ಹೋದಾವ್ರು ಹೊಳ್ಳಿ ಬರೂದಿಲ್ಲ. ಬಿಂದಗಿ ನನ್ನ ಬಾಜೂಕ ಐತಿ.” ರಕ್ತ ಕೊಡುವ ಮೊದಲು ಊರು ಯಾವುದೆಂದು ಕೇಳಿದರೂ ಹೇಳಿರಲಿಲ್ಲ. “ನನ್ನನ್ನ ನೋಡೀನಂತ ಯಾರಿಗೂ ಹೇಳಬಾರದು. ಈ ಮುಖ ನಮ್ಮವ್ವ ನೋಡಬಾರದು. ಮಾತು ಕೊಟ್ರ ಕೈ ಕೊಡ್ತೇನಿ,” ಅಂದಿದ್ದ. ಅವಳು ಮಾತು ಕೊಟ್ಟು ರಕ್ತ ತಂದಿದ್ದಳು.

ಸಾವಿತ್ರವ್ವನ ಕಣ್ಣು ಮಬ್ಬಾಯಿತು. ಅರೆನಿದ್ದೆಯಲ್ಲಿ ಸಿಂದಗಿಯ ಅವಳ ಅಜ್ಜಿ ಕಟ್ಟೆಯ ಮೇಲೆ ಕುಳಿತಿದ್ದಳು. ಕಣ್ಣು ಕಾಣದ ಆ ಅಜ್ಜಿ ಹೆಜ್ಜೆಯ ಸದ್ದಿನಲ್ಲೇ ಜನರನ್ನು ಹಿಡಿಯುತ್ತಿದ್ದಳು. ‘ಯಾರದು? ನೀಯೇನು? ಹೋದ ಸಲ ಬಂದು ಗದ್ದಲಾ ಹಾಕಿದಾಕಿ ಅಲ್ಲ? ನಡಿ ಆಚೆ!’ ಮೈಯ ಕೆಲಸವೂ ಅದೇ. ಮೊದಲ ಸಲ ಬಂದ ದೇವಿ ಒಳಗೆ ನುಗ್ಗಿ, ಗುಳ್ಳೆ ಎಬ್ಬಿಸಿ, ಕುಳಿ ಬಿಟ್ಟು ಹೋಗುತ್ತಾಳೆ. ಎರಡನೆಯ ಸಲ ಕಟ್ಟೆಯ ಮೇಲಿನ ಅಜ್ಜಿ ಬಿಡುವುದಿಲ್ಲ.

ಆಮೇಲೆ ಕನಸಿನಲ್ಲಿ ಓಣಿಯ ಬಾಗಿಲುಗಳೆಲ್ಲ ತುಸು ತುಸು ತೆರೆದವು. ಒಂದೊಂದರ ಸಂದಿಯಿಂದಲೂ ಒಂದೊಂದು ಎಳೆಯ ಕೈ ಹೊರಗೆ ಬಂತು. ಯಾವ ಕೈಗೂ ಮುಖವಿರಲಿಲ್ಲ.

ಠಣ್ ಎಂದಿತು. ಸಾವಿತ್ರವ್ವ ಕಣ್ಣು ತೆರೆದಳು. ಈಗ ಸಣ್ಣಗೌಡನೆನಿಸಿಕೊಂಡಿದ್ದ ಆ ಮನುಷ್ಯ ಊಟ ಮುಗಿಸಿ, ಉಂಡ ಗಂಗಾಳವನ್ನು ತಾನೇ ಎತ್ತಿಕೊಂಡು ಹಿತ್ತಲಿಗೆ ತೊಳೆಯಲು ಹೊರಟಿದ್ದ.

“ಇಡ್ರಿ ಸಣ್ಣಗೌಡ್ರ, ನಾ ತೊಳೀತೇನಿ,” ಅನ್ನುತ್ತ ಹಿಂದೆ ಓಡಿದಳು ಮನೆಯ ಆಳು ರೇಣವ್ವ.

ತನ್ನ ಗಂಗಾಳ ತಾನು ತೊಳೆಯುವ ಗೌಡ! ಹೋಟೆಲುಗಳಲ್ಲಿ ದುಡಿದ ರೂಢಿ ಅಂತ ಊರು ಕರಗಿತ್ತು. ಊರು ಕರಗಿದ್ದು ಅದೊಂದಕ್ಕೇ ಅಲ್ಲ. ಶಂಕರೆಪ್ಪನ ಜೊತೆ ರೇಣವ್ವನ ಮಗ ಗುರಪ್ಪನೂ ಅಂದು ಮನೆಬಿಟ್ಟಿದ್ದ. ಇಬ್ಬರೂ ಒಂದೇ ವಾರಿಗೆಯವರು, ಒಂದೇ ವಯಸ್ಸಿನವರು. ಗುರಪ್ಪ ರೈಲಿನಿಂದ ಬಿದ್ದು ಸತ್ತನೆಂದು ಬಂದವನು ಹೇಳಿದಾಗ, ಒಂದು ಹನಿ ಕಣ್ಣೀರು ತೆಗೆಯದೆ ರೊಟ್ಟಿ ಬಡಿಯುತ್ತಲೇ ಇದ್ದ ರೇಣವ್ವನ ಗಟ್ಟಿತನವನ್ನು ಊರವರು ಹೊಗಳಿದ್ದೇ ಹೊಗಳಿದ್ದು.

ಸಾವಿತ್ರವ್ವನಿಗೆ ನಿದ್ದೆ ಪೂರ್ತಿ ಹಾರಿತು.

*

ನಡುಮನೆಯ ಹೊಸ್ತಿಲ ಒಳಗೆ ಕುಳಿತು ಸತ್ತ ಗೌಡರ ಹೆಂಡತಿ, ಗೌಡಶಾನಿ ಸಿದ್ದಲಿಂಗವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸಾವಿತ್ರವ್ವ ಹೊಸ್ತಿಲ ಈಚೆ ಬಂದು ಕುಳಿತಳು.

“ಅವ್ವಾರ, ಕೈ ಹೊರಗ ಬಂದದ್ದು ಇದ ಬಾಗಲದಾಗಿಂದೇನ್ರಿ?”

“ಹೌದ್ರಿ. ಅದನ್ನ ಎಷ್ಟು ಮಂದಿ ಎಷ್ಟು ಸಲ ಕೇಳ್ತೀರಿ?”

“ಇದೊಂದ ಸಲ. ಮತ್ತ ಅಂವನ ಎಡಗೈಗೆ ದೇವಿ ಹಾಕಿದ್ದು ಯಾವಾಗ?”

ಮೊರ ನಿಂತಿತು. “ಮುಂದ ಯಾವಾಗರ ಸಾಲ್ಯಾಗ ಹಾಕಿರಬೇಕು.”

“ಮುಂದ ಹಾಕಿದ್ರ ಹಂಗ ಏಳೂದಿಲ್ರಿ. ಒಮ್ಮೆ ದೇವಿ ಎದ್ದ ಮೈ ಆಕಿನ್ನ ಗುರತ ಹಿಡೀತೈತಿ. ಎರಡನೇ ಸಲಕ್ಕ ಚೂರು ಕೆಂಪಾಗಿ ಮಾಯತೈತಿ, ಇಷ್ಟು ದೊಡ್ಡ ಕುಳಿ ಬೀಳೂದಿಲ್ಲ. ಅಂವನ ಎರಡೂ ಕೈಯಾಗಿನ ಕುಳಿ ಒಂದ ಸಮ ಅದಾವು. ಅಂದ್ರ ಮೈ ಇನ್ನೂ ಏನೂ ಕಲಿಯೋಕಿಂತ ಮೊದಲ, ಒಂದ ದಿನ ಎರಡೂ ಕೈಗೆ ಬಿದ್ದಾವು.”

ಸಿದ್ದಲಿಂಗವ್ವ ಜೋಳದೊಳಗಿನ ಒಂದು ಹರಳನ್ನು ಆರಿಸಿ ಎಸೆದಳು.

“ಮುಂಜಾನೆ ಚಾವಡಿಯೊಳಗ ಊರ ಹುಡುಗರ ಜೋಡಿ ತನ್ನ ಹೆಸರಿಗೆ ಎಡಗೈ ಕೊಟ್ಟು ಬಂದ ಹುಡುಗ, ಆಮ್ಯಾಲ ಈ ಬಾಗಲದಾಗ ಇನ್ನೊಬ್ಬರ ಹೆಸರಿಗೆ ಬಲಗೈ ಕೊಟ್ಟಾನ. ಎಡಗೈ ಚಾಚಿದ್ರ ಗೀರು ಇನ್ನೂ ಹಸಿ ಇರ್ತಿತ್ತು, ಮಶಾಕಸಾಬ ಹಿಡೀತಿದ್ದ. ಅದಕ್ಕ ಬಲಗೈ. ಅಂವ ನಿಮ್ಮ ಮಗ ಅಲ್ರಿ. ರೇಣವ್ವನ ಮಗ ಗುರಪ್ಪ. ಅದಕ್ಕ ಮಗ ಸತ್ತ ಅಂದ್ರೂ ಆಕಿ ಅಳಲಿಲ್ಲ.”

ಹಿತ್ತಲ ಬಾಗಿಲಲ್ಲಿ ರೇಣವ್ವ ಒದ್ದೆ ಕೈಯಲ್ಲೇ ನಿಂತುಬಿಟ್ಟಳು. ಮೂವರು ಹೆಂಗಸರ ನಡುವೆ ನಿಂಬೆ ಹೂವಿನ ವಾಸನೆ ಬಂದು ಕುಳಿತ ಹಾಗಿತ್ತು.

“ನನ್ನ ಮೊದಲಿನ ಎರಡು ಕೂಸು ದೇವಿ ಒಯ್ದಳ್ರಿ,” ಅಂದಳು ಸಿದ್ದಲಿಂಗವ್ವ, ಮೊರದ ಕಡೆಗೇ ನೋಡುತ್ತ. “ಮೂರನೇದ್ದು ಹೊಟ್ಟ್ಯಾಗಿದ್ದಾಗ ಆಕಿಗೆ ಹರಕಿ ಹೊತ್ತೆ. ಇವನ ಮೈ ಗೀರಸೂದಿಲ್ಲವ್ವಾ, ನಿನ್ನ ಕೆಣಕೂದಿಲ್ಲ, ನೀನೂ ಇತ್ತ ಬರಬ್ಯಾಡ ಅಂತ. ಬಿಟ್ಟು ಹೋದಾಕಿನ್ನ ನಾವ ಕರದು ಕೂಸಿನ ಮೈಯಾಗ ತುಂಬೂದಂದ್ರ ಹೆಂಗ್ರಿ? ಗೌಡ್ರು ಕೇಳಬೇಕಲ್ಲ. ನನ್ನ ಮಗಗ ಹಾಕಸದಿದ್ರ ಊರಾಗ ಯಾರು ಹಾಕಸ್ತಾರಂದ್ರು. ಅವ್ರು ಹೊರಗ ಕಟ್ಟಿ ಮ್ಯಾಲ, ನಾ ಒಳಗ. ರೇಣವ್ವನ ಹುಡುಗನ ಕೈಯಾಗ ಕೊಬ್ಬರಿ ಬೆಲ್ಲಾ ಇಟ್ಟೆ. ಇನ್ನೊಂದು ಕೈ ಹಿಡಿದು ಹೊರಗ ಚಾಚಿದೆ.”

“ನಾನೂ ಇಲ್ಲೇ ನಿಂತಿದ್ದೆ,” ಅಂದಳು ರೇಣವ್ವ ಮೆಲ್ಲಗೆ. “ಕೊಬ್ಬರಿ ಸಿಕ್ತಂತ ಕುಣಿದಾಡಿದ.”

“ಮತ್ತ ಈಗ?” ಅಂದಳು ಸಾವಿತ್ರವ್ವ. “ಮಗನ ಸೋಗು ಹಾಕ್ಕೊಂಡು ಬಂದ್ರ ಸುಮ್ಮನ ಕುಂತೀರಿ?”

“ಅಂವ ಸೋಗು ಹಾಕ್ಕೊಂಡು ಬರಲಿಲ್ರಿ!” ಸಿದ್ದಲಿಂಗವ್ವನ ದನಿ ಏರಿತು. “ಹಿತ್ತಲ ಬಾಗಲಕ್ಕ ಬಂದ. ಅವ್ವಾರ, ಶಂಕರೆಪ್ಪಗ ದೇವಿ ಬಂದು ನನ್ನ ತೊಡಿ ಮ್ಯಾಲ ಜೀವಾ ಬಿಟ್ಟ, ಇಷ್ಟು ಹೇಳಿ ಹೋಗಾಕ ಬಂದೇನಿ ಅಂದ. ಆ ಬಲಗೈ ನೋಡಿದೆ. ನನ್ನ ಮಗನ ಪಾಲಿನ ಮದ್ದು ಆ ಕೈಯಾಗ ಹೋಗೇತಿ. ಅದಕ್ಕ ಇಂವ ಉಳದ, ಅಂವ ಹೋದ. ಕೊಂದಾಕಿ ನಾನ. ಅದ ಕೈ ಹಿಡಿದು ಮುಂದಿನ ಬಾಗಲಕ್ಕ ಎಳಕೊಂಡು ಬಂದು, ನನ್ನ ಮಗ ಬಂದಾನ ಅಂತ ಚೀರಿದಾಕಿನೂ ನಾನ. ಮದ್ದು ಹೋದ ಕೈಗೆ ಮನಿನೂ ಹೋಗ್ಲಿ. ರೇಣವ್ವನ ಮಗನ್ನ ಎರಡನೇ ಸಲ ಹೊರಗ ದಬ್ಬಲೇನು?”

“ಸಾಕ ಬಿಡ್ರಿ ಎವ್ವಾ,” ಅಂದಳು ರೇಣವ್ವ. “ಕಣ್ಮುಂದ ಅದಾನ, ರೊಟ್ಟಿ ಹಾಕ್ತೇನಿ, ಉಣ್ತಾನ. ಸಣ್ಣಗೌಡ್ರ ಅಂತ ಕರೀಲಿ, ಮಗಾ ಅಂತ ಕರೀಲಿ, ನನಗ ಒಂದ.” ಒಂದಲ್ಲ ಅನ್ನುವುದು ಅವಳ ಗಂಟಲಿನಲ್ಲೇ ಕೇಳುತ್ತಿತ್ತು. ಮಾತು ಮುಗಿಯುವ ಮೊದಲೇ ಸೆರಗು ಬಾಯಿಗೆ ಹೋಯಿತು.

ಸಾವಿತ್ರವ್ವನಿಗೆ ಖೊಟ್ಟಿ ಹಿಡಿದೆನೆಂಬ ಹುರುಪೆಲ್ಲ ಇಳಿದುಹೋಯಿತು. ‘ನಾನ್ಯಾಕ ಉಳದೆ’ ಎಂದು ಅವಳು ಪುಣೆಯತನಕ ಹೊತ್ತು ತಿರುಗಿದ ಪ್ರಶ್ನೆಯನ್ನೇ ಈ ಮನೆಯೊಳಗೆ ಇಬ್ಬರು ತಾಯಂದಿರು ರೊಟ್ಟಿಯ ಜೊತೆ ದಿನಾಲೂ ನುಂಗುತ್ತಿದ್ದಾರಲ್ಲ! ಈ ಹೆಂಗಸರ ಕೈಗೆ ಬೇಡಿ ಹಾಕಿಸಲೇ? ಮಾಡಿಬಿಡಲೇ ಒಂದು ಸಹಿ? ಸತ್ತವನಂತೂ ಬಂದು ಪಾಲು ಕೇಳುವುದಿಲ್ಲ. ಚೀಲದಿಂದ ಪೆನ್ನು ತೆಗೆದೇ ಬಿಟ್ಟಳು.

“ಸಹಿ ಮಾಡಬ್ಯಾಡ್ರಿ ಬಾಯಾರ.”

ರೇಣವ್ವನ ಹಿಂದೆ ಗುರಪ್ಪ ನಿಂತಿದ್ದ. ತೊಳೆದ ಗಂಗಾಳ ಇನ್ನೂ ಕೈಯಲ್ಲಿತ್ತು, ನೀರು ತೊಟ್ಟಿಕ್ಕುತ್ತಿತ್ತು.

“ಅವ್ವಾರ, ನಿಮಗ ಒಂದು ಸುಳ್ಳು ಹೇಳೇನಿ. ಶಂಕರ್ಯಾ ನನ್ನ ತೊಡಿ ಮ್ಯಾಲ ಜೀವಾ ಬಿಡಲಿಲ್ರಿ.”

ಸಿದ್ದಲಿಂಗವ್ವ ತಲೆಯೆತ್ತಿದಳು.

“ಬಾಗೇವಾಡಿ ಬಾಜೂಕ, ಮುಳವಾಡದ ಕಡೆ ಹತ್ತಿ ಬಿಡಸಾಕ ಹೋಗಿದ್ವಿ. ಒಂದ ಗುಡಸಲದಾಗ ಇದ್ವಿ. ಅಂವಗ ಮೈತುಂಬ ಎದ್ದಿತ್ತು, ಕಣ್ಣು ಮುಚ್ಚಿಬಿಟ್ಟಿದ್ವು. ಗುರ್ಯಾ, ನೀರು ಅಂದ. ತರ್ತೇನಿ ಅಂತ ತಂಬಿಗಿ ಹಿಡಕೊಂಡು ಹೊರಗ ಬಿದ್ದೆ. ಹೊಳ್ಳಿ ಹೋಗಲಿಲ್ಲ. ಅಂಜಿಕಿ ಬಂತ್ರಿ. ನನಗೂ ಹತ್ತತೈತಿ ಅಂತ ಓಡಿದೆ. ತಂಬಿಗಿ ಬಾವ್ಯಾಗ ಒಗದೆ.” ಅವನು ಗಂಗಾಳವನ್ನು ಎದೆಗೆ ಒತ್ತಿಕೊಂಡ. “ನಾ ಬಿಟ್ಟು ಬರೂ ಮುಂದ ಅಂವ ಉಸರಾಡಾಕತ್ತಿದ್ದ.”

ಎರಡೂ ಕೈಗೆ ಮದ್ದು ಬಿದ್ದ ಮೈ ಅವನದು. ಆ ಗುಡಿಸಲಿನಲ್ಲಿ ಎಷ್ಟು ಹತ್ತಿರ ಕುಳಿತಿದ್ದರೂ, ಎಷ್ಟು ನೀರು ಕುಡಿಸಿದ್ದರೂ ಅವನಿಗೇನೂ ಆಗುತ್ತಿರಲಿಲ್ಲ. ಸಾವಿತ್ರವ್ವನಿಗೆ ಅದು ಹೊಳೆಯಿತು, ಆದರೆ ಹೇಳುವ ಧೈರ್ಯವಾಗಲಿಲ್ಲ.

ಹೇಳಲಾರದ್ದು ಇನ್ನೊಂದೂ ಇತ್ತು. ಪರಮಾನಂದನ ಮಾತುಗಳು ಅವಳಿಗೆ ಈಗ ಅರ್ಥವಾದವು. ನೀರು ತರಾಕ ಹೋದಾವ್ರು ಹೊಳ್ಳಿ ಬರೂದಿಲ್ಲ. ಹಾಕಸೇತಿ ಅಂತ ಬರಕೊಳ್ರಿ, ದಫ್ತರದಾಗ ಹಂಗ ಐತಿ. ಅವಳ ಕೈ ತಾನಾಗಿಯೇ ಥರ್ಮಾಸಿನ ಮೇಲೆ ಹೋಯಿತು. ಐಸಿನ ತಂಪಿನಲ್ಲಿ, ಈ ಮನೆಯ ಹೊಸ್ತಿಲಿಗೆ ಒಂದು ಗೇಣು ದೂರದಲ್ಲಿ, ಬಾಗೇವಾಡಿಯ ಹಗ್ಗದವನ ರಕ್ತವಿತ್ತು. ಸಹಿ ಮಾಡಿದರೆ ಬದುಕಿರುವ ಶಂಕರೆಪ್ಪನಿಗೆ ಅವನ ಮನೆ ಎಂದೆಂದಿಗೂ ಮುಚ್ಚಿತು. ಮಾಡದಿದ್ದರೆ ಗುರಪ್ಪ ಜೈಲಿಗೆ. ಬಾಯಿಬಿಟ್ಟರೆ, ತನ್ನ ಸುದ್ದಿಯನ್ನು ಯಾರಿಗೂ ಹೇಳಬೇಡಿರೆಂದು ಕೈ ಚಾಚಿದವನಿಗೆ ಕೊಟ್ಟ ಮಾತು ಮುರಿಯಿತು.

ದೂರದ ಏರಿಯ ಮೇಲೆ ಜೀಪಿನ ಸದ್ದು. ಫೌಜದಾರರು ಹೊತ್ತಿಗೆ ಮೊದಲೇ ಬರುತ್ತಿದ್ದರು.

ಸಿದ್ದಲಿಂಗವ್ವ ಎದ್ದಳು. ಮೊರದ ಜೋಳ ಚೆಲ್ಲಿತು, ನೋಡಲಿಲ್ಲ. ಹೊಸ್ತಿಲು ದಾಟಿ ಬಂದು ಸಾವಿತ್ರವ್ವನ ಎದುರು ಕುಕ್ಕರಿಸಿದಳು.

“ಬಾಯಾರ, ದೇವಿ ಬಂದು ಉಳದಾವ್ರನ್ನ ನೀವು ಊರೂರು ಹುಡಕೀರಿ ಅಂತಾರ. ಮುಳವಾಡದ ಸುತ್ತ ಯಾರರ ಸಿಕ್ರೇನು? ನನ್ನ ಮಗನ ವಯಸ್ಸಿನಾವ?”

ಜೀಪು ಮನೆಯ ಮುಂದೆ ನಿಂತಿತು. “ಸಹಿ ಆತೇನ್ರಿ ಡಾಕ್ಟರ?” ಫೌಜದಾರರ ದನಿ ಕಟ್ಟೆ ಏರಿ ಬಂತು.

“ಇಲ್ರಿ ಅವ್ವಾರ,” ಅಂದಳು ಸಾವಿತ್ರವ್ವ. “ಯಾರೂ ಸಿಗಲಿಲ್ಲ.”

ಸಿದ್ದಲಿಂಗವ್ವ ಅವಳ ಕಣ್ಣನ್ನೇ ನೋಡಿದಳು. ಆಮೇಲೆ ಥರ್ಮಾಸನ್ನು ಅವುಚಿ ಹಿಡಿದಿದ್ದ ಅವಳ ಬೆರಳುಗಳನ್ನು ನೋಡಿದಳು.

“ನಾನೂ ಇದ ಬಾಗಲದಾಗ ನಿಂತು ಸುಳ್ಳು ಹೇಳೇನ್ರಿ ಬಾಯಾರ. ಸುಳ್ಳು ಹೇಳಾವ್ರ ಕೈ ಹೆಂಗ ಬಿಗಿಯಾಗ್ತೈತಿ ಅನ್ನೂದು ನನಗ ಗೊತ್ತು.” ಅವಳು ಆ ಬೆರಳುಗಳ ಮೇಲೆ ತನ್ನ ಕೈ ಇಟ್ಟಳು. “ಎಲ್ಲಿ ಅದಾನ ಹೇಳ್ರಿ, ನನ್ನ ಮಗಾ?”